ಹನ್ನೊಂದು ಜ್ವರಕ್ಕೆ ನನ್ನ ಸಹಿ

ಹೋದ ಭಾನುವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯ ಮಗಳ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಮಗಳು ದೋಸೆಗೆಂದು ನಾನ್‌ಸ್ಟಿಕ್ ಕಾವಲಿಯನ್ನು ದೊಡ್ಡ ಉರಿಯ ಮೇಲಿಟ್ಟಳು. ಅಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳು ಕೂಗಿದಳೆಂದು ಹೊರಗೆ ಹೋದಳು. ದಂಟಿನ ಸೊಪ್ಪಿನ ಚೌಕಾಸಿಯಲ್ಲಿ ಅವಳು ತನ್ನ ಅಮ್ಮನನ್ನೂ ಮೀರಿಸಿದವಳು. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು. ಆಮೇಲೆ ಆ ವಾಸನೆ ಬಂತು.

ಸೀದ ವಾಸನೆ ಎಲ್ಲರಿಗೂ ಗೊತ್ತು. ಇದು ಬೇರೆ. ಗಂಟಲಿನ ಹಿಂಭಾಗಕ್ಕೆ ಸಣ್ಣ ಸೂಜಿ ಚುಚ್ಚಿದ ಹಾಗೆ, ಬಾಯಲ್ಲಿ ಹಳೇ ತಾಮ್ರದ ಕಾಸು ಇಟ್ಟುಕೊಂಡ ಹಾಗೆ. ಮಂಡಿನೋವು ಮರೆತು ಓಡಿ ಹೋಗಿ ಗ್ಯಾಸ್ ಆರಿಸಿದೆ, ಕಾವಲಿಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲಿಗೆ ಎಸೆದೆ, ಕಿಟಕಿ ಬಾಗಿಲು ಎಲ್ಲ ತೆರೆದೆ. ಮಗಳು ಸೊಪ್ಪಿನ ಕಟ್ಟು ಹಿಡಿದು ಬಂದಳು.

"ಏನಪ್ಪಾ ಇದು? ಒಸ ಕಾವ್ಲಿ ಅದು!"

"ಒಳಿಕ್ ಓಗ್ಬೇಡ ಕಣಮ್ಮ. ಅದು ಕಾದು ಬರೋ ಒಗೆ ಇಸ. ಒಸಿ ಗಾಳಿ ಆಡ್ಲಿ."

"ನಿಂದು ಇದ್ದಿದ್ದೇ. ಓದ ತಿಂಗ್ಳು ಉಪ್ಪಿನ ಡಬ್ಬಿಗೆ ಸಕ್ರೆ ತುಂಬ್ದೆ, ಈಗ ಕಾವ್ಲಿ ಎಸ್ದೆ. ನಗ್ಬೇಕಾ, ಅಳ್ಬೇಕಾ, ಅದ್ನಾದ್ರೂ ಏಳು."

ನಾನು ನಿಜ ಹೇಳಿದಾಗ ನಂಬದಿರುವ ಹಕ್ಕು ನನ್ನ ಮಗಳಿಗಿದೆ. ಅದನ್ನು ಅವಳಿಗೆ ಸಂಪಾದಿಸಿ ಕೊಟ್ಟವನೇ ನಾನು. ಹಿತ್ತಲಲ್ಲಿ ಹೊಗೆಯಾಡುತ್ತಾ ಬಿದ್ದಿದ್ದ ಆ ಕಾವಲಿಯನ್ನು ನೋಡುತ್ತಾ ನಿಂತೆ. ಕೊರೋನಾ ಮುಗಿದ ಮರುವರ್ಷದ ಚಳಿಗಾಲ ಪೂರ್ತಿ ಬಂದು ಪಕ್ಕದಲ್ಲಿ ನಿಂತಿತು. ಆಯುಧಪೂಜೆಯಿಂದ ಸಂಕ್ರಾಂತಿಯವರೆಗೆ, ಮೂರು ತಿಂಗಳ ಮೇಲೆ ಕೆಲವು ದಿನ.

ನಾನು ಕೆಲಸಕ್ಕಿದ್ದದ್ದು ಬಂಗಾರಪೇಟೆ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಮಣ್ಣೆತ್ತುವ ದೊಡ್ಡ ಯಂತ್ರಗಳಲ್ಲಿ, ಆ್ಯಸಿಡ್ ಸಾಗಿಸುವ ಪಂಪುಗಳಲ್ಲಿ ಸೋರಿಕೆ ತಡೆಯುವ ರಿಂಗುಗಳನ್ನು ಮಾಡುತ್ತಿದ್ದೆವು. ಒಂದು ಕಡೆ ಕಂದು ಬಣ್ಣದ ಫ್ಲೋರಿನ್ ರಬ್ಬರಿನ ರಿಂಗು, ಇನ್ನೊಂದು ಕಡೆ ಬಿಳಿ ಫ್ಲೋರಿನ್ ಪ್ಲಾಸ್ಟಿಕ್ಕಿನದು. ಬಿಳಿಯದರ ಚೀಲದ ಮೇಲೆ ಪಿಟಿಎಫ್‌ಇ ಅಂತ ಬರೆದಿರುತ್ತಿತ್ತು, ನಾವು ಅದಕ್ಕೆ ಬೆಣ್ಣೆ ಅನ್ನುತ್ತಿದ್ದೆವು. ಕಾವಲಿಗೆ ಬಳಿಯುವುದೂ ಅದೇ ಬೆಣ್ಣೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಂಬಿ ಮಾಡುವುದು, ಕಂಬಿಯನ್ನು ಆಳೆತ್ತರದ ಕರೆಂಟ್ ಗೂಡಿನಲ್ಲಿ ಬೇಯಿಸುವುದು, ಬೆಂದದ್ದನ್ನು ನಾನು ಲೇಥಿನಲ್ಲಿ ಕೊರೆದು ರಿಂಗು ತೆಗೆಯುವುದು. ಉಳಿ ತಾಗಿದರೆ ಸಾಕು, ಒತ್ತುಶಾವಿಗೆಯ ಹಾಗೆ ಬಿಳಿ ಸುರುಳಿ ಇಳಿಯುತ್ತಿತ್ತು. ಬೂದಿಕೋಟೆಯಿಂದ ಬಂಗಾರಪೇಟೆಯವರೆಗೆ ನನ್ನಂಥ ಲೇಥ್ ಕೈ ಇನ್ನೊಂದಿರಲಿಲ್ಲ. ಇದು ಜಂಬ ಇರಬಹುದು, ಸುಳ್ಳಂತೂ ಅಲ್ಲ.

ಆದರೆ ನನ್ನ ಹೆಸರು ನಡೆದದ್ದು ಲೇಥಿನಿಂದಲ್ಲ, ಕಿತಾಪತಿಯಿಂದ. ಆ ವರ್ಷದ ಆಯುಧಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ ಇಟ್ಟು ಚಿತ್ರಾನ್ನ ಹಂಚಿದರು. ನಾನು ಬೆಣ್ಣೆಸುರುಳಿಯನ್ನು ಸಣ್ಣಗೆ ಕತ್ತರಿಸಿ ತೆಂಗಿನತುರಿ ಅಂತ ಮೇಲೆ ಉದುರಿಸಿಟ್ಟೆ. ಅಕೌಂಟೆಂಟ್ ಎರಡು ತುತ್ತು ಅಗಿದು, "ಕಾಯಿ ಬಲ್ತೋಗೈತೆ" ಅಂದ. ಮೂರು ದಿನ ನಕ್ಕಿದ್ದೇವೆ. ನಮ್ಮ ಶೆಡ್ಡಿನಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ತಮಾಷೆ ಮಾಡಿದವನು ಸಂಜೆ ಟೀ ಹೊತ್ತಿಗೆ ಎದ್ದು ನಿಂತು "ನಂದೇ" ಅಂತ ಒಪ್ಪಿಕೊಳ್ಳಬೇಕು, ಎಲ್ಲರಿಗೂ ವಡೆ ಕೊಡಿಸಬೇಕು. ಒಪ್ಪಿಕೊಳ್ಳದವನು ಗಂಡಸೇ ಅಲ್ಲ. ನಾನು ಕೊಡಿಸಿದಷ್ಟು ವಡೆ ಆ ರಸ್ತೆಯಲ್ಲಿ ಯಾರೂ ಕೊಡಿಸಿಲ್ಲ.

ಬೆಣ್ಣೆಯಿಂದ ಕೆಡುಕಿಲ್ಲ ಅಂತ ನಮಗೆ ಹೇಳಿದವನು ಪುಡಿ ಮಾರಲು ಬರುತ್ತಿದ್ದ ಕೋಟಿನ ಮನುಷ್ಯ. ಒಮ್ಮೆ ನಮ್ಮೆದುರೇ ಒಂದು ಚೂರನ್ನು ಬಾಯಿಗೆ ಹಾಕಿ ನುಂಗಿ ತೋರಿಸಿದ. "ನೋಡಿ, ಹೊಟ್ಟೆಗೆ ಹೋದ್ರೂ ಹಾಗೇ ಆಚೆ ಬರುತ್ತೆ. ಮನುಷ್ಯರ ರಕ್ತನಾಳಕ್ಕೂ ಇದನ್ನ ಹಾಕ್ತಾರೆ" ಅಂದ. ಅವನು ಹೇಳಿದ್ದು ನಿಜವೇ. ಬೆಂಕಿ ತಾಗಿದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗೂಡು ನೋಡಿಕೊಳ್ಳುತ್ತಿದ್ದವನು ಸೆಲ್ವರಾಜ, ನನ್ನ ಇಪ್ಪತ್ತು ವರ್ಷದ ಜೊತೆಗಾರ. ಚಿನ್ನದ ಗಣಿಯ ಕೂಲಿಗಳ ಲೈನುಮನೆಯಲ್ಲಿ ಹುಟ್ಟಿದವನು. ಅವರಪ್ಪ ಭೂಮಿಯೊಳಗೆ ಕಲ್ಲು ಕೊರೆದು ಕೊರೆದು ಎದೆಯ ತುಂಬ ಧೂಳು ತುಂಬಿಕೊಂಡು, ಕೊನೆಯ ವರ್ಷಗಳಲ್ಲಿ ಮಲಗಲಾಗದೆ ಕೂತೇ ನಿದ್ದೆ ಮಾಡಿದವನು. ಸಾಯುವಾಗ ಮಗನ ಕೈ ಹಿಡಿದು ಒಳಗೆ ಮಾತ್ರ ಇಳಿಯಬೇಡ ಅಂದಿದ್ದನಂತೆ. ಸೆಲ್ವ ಇಳಿಯಲಿಲ್ಲ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ ಕಿಟಕಿಯಿಂದ ಕಾಣುವ ನಮ್ಮ ಶೆಡ್ಡಿನಲ್ಲಿ ಕೆಲಸ ಹಿಡಿದ. "ಇಲ್ಲಿ ಗಾಳಿ ಐತೆ ಕಣ್ಡಾ ಕಿಟ್ಟ, ಅಷ್ಟು ಸಾಕು" ಅನ್ನುತ್ತಿದ್ದ.

ಅವನಿಗೆ ಅರ್ಧ ಸೇದಿದ ಬೀಡಿಯನ್ನು ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಚಾಳಿ. ಊಟಕ್ಕೆ ಮುಖ ತೊಳೆಯಲು ಹೋಗುವಾಗ ಅದನ್ನು ನನ್ನ ಲೇಥಿನ ಮೇಲಿಟ್ಟು ಹೋಗುತ್ತಿದ್ದ. ದೀಪಾವಳಿಗೆ ಮುಂಚಿನ ಒಂದು ದಿನ ನಾನು ಅದರ ತುದಿಯಲ್ಲಿ ಬೆಣ್ಣೆಯ ಒಂದು ಎಳೆ ತುರುಕಿಟ್ಟೆ. ಗೇಟಿನಾಚೆ ಹಚ್ಚಿದ, ಎರಡು ದಮ್ಮು ಎಳೆದ, ಬೀಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನ್ಡಾ ಇದು, ಬೀಡಿ ರುಚೀನೇ ಕೆಟ್ಟೋಗೈತೆ."

"ನಿನ್ ಬಾಯಿ ಕೆಟ್ಟೈತೆ. ಎಂಡ್ತಿ ಕೈ ಊಟ ಉಣ್ಣೋನ್ ಬಾಯಿ ಇಂಗೇ ಆಗೋದು" ಅಂದೆ.

ಅಂದು ಸಂಜೆ ಅವನಿಗೆ ಹಲ್ಲು ಕಟಕಟಿಸುವ ಚಳಿ, ಮೈಯೆಲ್ಲ ಬೆಂಕಿ, ಎದೆ ಹಿಡಿದಂತೆ. ಮರುದಿನ ಮಧ್ಯಾಹ್ನಕ್ಕೆ ಏನೂ ಆಗದವನ ಹಾಗೆ ಎದ್ದು ಕೂತ. ಅದರ ಮರುದಿನ ಟೀ ಹೊತ್ತಿಗೆ ನಾನು ಎದ್ದು ನಿಂತೆ. "ನಂದೇ!" ವಡೆ ಬಂತು. ಸೆಲ್ವ ತನ್ನ ಪಾಲಿನ ವಡೆಯನ್ನು ನನ್ನ ಮುಖಕ್ಕೆ ಎಸೆದ.

"ಪಾವಿ ನನ್ ಮಗ್ನೆ, ನಿನ್ನ ತಮಾಸೆಗೆ ನನ್ನೆಂಡ್ತಿ ಮೂರು ಕಂಬ್ಳಿ ಒದ್ಸಿ ಮ್ಯಾಲೆ ಕುಂತಿದ್ಲು ಕಣೋ!"

ಶೆಡ್ಡೇ ಅಲುಗಾಡುವ ಹಾಗೆ ನಕ್ಕರು. ಅವನೂ ನಕ್ಕ. ನನ್ನ ಬದುಕಿನ ಅತಿ ದೊಡ್ಡ ತಮಾಷೆ ಇದೇ ಅಂದುಕೊಂಡೆ. ಆ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

ಆಮೇಲೆ ಕಾರ್ತಿಕದ ಚಳಿ ಇಳಿಯಿತು, ಶೆಡ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡೆವು. ಒಬ್ಬೊಬ್ಬರಾಗಿ ಜ್ವರ ಬಿದ್ದರು. ಬೆಳಿಗ್ಗೆ ಚೆನ್ನಾಗಿರುವವರು ಸಂಜೆ ಮನೆಗೆ ಹೋಗಿ ನಡುಗುವುದು, ಒಂದೂವರೆ ದಿನದಲ್ಲಿ ಬಿಟ್ಟುಹೋಗುವುದು. ಮತ್ತೆ ಕೊರೋನಾ ಬಂತು ಅಂತ ಎಲ್ಲರ ಮೂಗಿಗೂ ಕಡ್ಡಿ ಹಾಕಿಸಿದರು. ಏನೂ ಸಿಗಲಿಲ್ಲ. ಹೊಸ ವರ್ಷ ಬರುವಷ್ಟರಲ್ಲಿ ಸೆಲ್ವನದೂ ಸೇರಿ ಹನ್ನೊಂದು ಜ್ವರ. ಪ್ರತಿ ಜ್ವರಕ್ಕೂ ಶೆಡ್ಡಿನವರು ನನ್ನ ಕಡೆ ತಿರುಗಿ "ಏನ್ ಕಿಟ್ಟಣ್ಣ, ಇದೂ ನಿಂದೇನಾ?" ಅಂದರು. ನಾನು ಮೀಸೆ ತಿರುವಿದೆ. ಇಲ್ಲ ಅನ್ನಲಿಲ್ಲ.

ಆ ಹನ್ನೊಂದರಲ್ಲಿ ಒಂದು ಯಶೋದಮ್ಮನದು. ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗೂಡಿನ ಪಕ್ಕದ ಗೋಡೆಗೆ ಒರಗಿ ಕೂತು ಕಂದು ರಿಂಗುಗಳ ಅಂಚನ್ನು ಸಣ್ಣ ಚಾಕುವಿನಲ್ಲಿ ಹೆರೆಯುವುದು ಅವಳ ಕೆಲಸ. ಬೀಡಿ ಇರಲಿ, ಎಲೆಅಡಿಕೆಯನ್ನೂ ಬಾಯಿಗೆ ಹಾಕದ ಹೆಂಗಸು. ಇದು ನನಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಬೀಡಿಗೆ ಬೆಣ್ಣೆ ಹಾಕಿದ್ದು ಒಂದೇ ಸಲ ಅನ್ನುವುದು ಗೊತ್ತಿದ್ದವನು ನಾನೊಬ್ಬನೇ.

ಆಗಲೇ ಸುಮಂಗಲಾ ಮೇಡಂ ಬಂದಿದ್ದರು. ಗದಗದ ಕಡೆಯವರು, ಮೂವತ್ತು ದಾಟಿರಲಿಲ್ಲ. ಹೊರದೇಶದ ಗಿರಾಕಿ ಸುರಕ್ಷತೆಯ ಕಾಗದ ಕೇಳಿದ ಅಂತ ಯಜಮಾನರು ಅವರನ್ನು ನೇಮಿಸಿದ್ದು. ಕಾಗದ ಮಾಡಿಕೊಂಡು ಸುಮ್ಮನಿರುತ್ತಾರೆ ಅಂದುಕೊಂಡಿದ್ದರು. ಆಕೆ ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಯಾವ ದಿನ ಜ್ವರ, ಆ ದಿನ ಗೂಡು ಎಷ್ಟು ಹೊತ್ತು ಉರಿಯಿತು ಅಂತ ಬರೆಯತೊಡಗಿದರು. ಒಂದು ದಿನ ಏಣಿ ಹಾಕಿಸಿ ತಾವೇ ಹತ್ತಿದರು. ಗೂಡಿನ ಹೊಗೆ ಎಳೆಯುವ ಫ್ಯಾನಿನ ಬೆಲ್ಟು ಕಿತ್ತು ಎಷ್ಟೋ ತಿಂಗಳಾಗಿತ್ತು. ಕೊಳವೆಯ ಬಾಯಿಗೆ, ಮಳೆನೀರು ಒಳಗೆ ಸೋರುತ್ತದೆ ಅಂತ ನಮ್ಮವರೇ ಯಾರೋ ಗೋಣಿಚೀಲ ತುರುಕಿದ್ದರು. ಗೂಡಿನ ಮೀಟರು ಇರುವ ಬಿಸಿಗಿಂತ ಕಡಿಮೆ ತೋರಿಸುತ್ತಿತ್ತು.

ಕೆಳಗಿಳಿದು ಬಂದು ನೇರ ನನ್ನ ಲೇಥಿನ ಮುಂದೆ ನಿಂತರು.

"ಕಿಟ್ಟಣ್ಣಾರ, ಖರೇ ಹೇಳ್ರಿ. ಎಷ್ಟ ಮಂದಿ ಬೀಡಿಗೆ ಹಾಕೀರಿ?"

"ಲೆಕ್ಕ ಯಾರ್ ಇಟ್ಟವ್ರೆ ಮೇಡಮ್ಮೋರೆ!"

"ಯಶೋದಮ್ಮಾರು ಬೀಡಿ ಸೇದ್ತಾರೇನ್ರಿ?"

ಸುತ್ತ ಹತ್ತು ಜನ ನಿಂತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. "ಯಾರಿಗ್ ಗೊತ್ತು ಮೇಡಂ, ಬಸ್ ಸ್ಟ್ಯಾಂಡ್ ಇಂದ್ಗಡೆ ಕದ್ದು ಸೇದ್ತಾಳೇನೋ!" ಅಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಶೋದಮ್ಮ ಚಾಕು ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೇಡಂ ನಗಲಿಲ್ಲ. ಮರುದಿನ ಗೋಡೆಗೆ ಒಂದು ಹಾಳೆ ಅಂಟಿಸಿದರು. ಬೀಡಿ, ಸಿಗರೇಟು, ತಂಬಾಕು ಯಾವುದನ್ನೂ ಒಳಗೆ ತರಬಾರದು, ಕಿವಿಯ ಮೇಲೂ ಕೂಡದು. ಪುಡಿಯ ಕೈಯನ್ನು ತೊಳೆಯದೆ ಏನನ್ನೂ ಮುಟ್ಟಬಾರದು. ಸುಟ್ಟು ಕರಕಾದ ಕಂದು ರಿಂಗನ್ನು ಬರಿಗೈಯಲ್ಲಿ ಎತ್ತಬಾರದು. "ಅದರಾಗ ಎಂಥಾ ಆ್ಯಸಿಡ್ ಇರತೈತಿ ಗೊತ್ತೇನ್ರಿ, ಚರ್ಮ ದಾಟಿ ಎಲುಬಿಗೆ ಹೋಗತೈತಿ" ಅಂತ ಬಿಡಿಸಿ ಹೇಳಿದರು. ಯಜಮಾನರಿಗೆ ಬೇರೆ ಪತ್ರ ಕೊಟ್ಟರು. ಫ್ಯಾನು ಸರಿಯಾಗುವವರೆಗೆ ಗೂಡು ನಿಲ್ಲಿಸಬೇಕು. ಬಿಸಿ ಮೀರಿದರೆ ತಾನಾಗಿ ಕರೆಂಟು ಕಡಿಯುವ ಇನ್ನೊಂದು ಮೀಟರು ಹಾಕಿಸಬೇಕು. ಹನ್ನೊಂದು ಜ್ವರವನ್ನೂ ಅಪಘಾತದ ರಿಜಿಸ್ಟರಿನಲ್ಲಿ ಬರೆಯಬೇಕು.

ಹಡಗಿಗೆ ಮಾಲು ಹೋಗುವ ದಿನ ಹತ್ತಿರವಿತ್ತು. ಕಾರ್ಖಾನೆ ಇನ್ಸ್‌ಪೆಕ್ಟರು ಬರುವ ದಿನವೂ ಹತ್ತಿರವಿತ್ತು. ಯಜಮಾನರು ನನ್ನನ್ನು ಒಳಗೆ ಕರೆಸಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಕುರ್ಚಿ ಕೊಟ್ಟರು, ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟರು.

"ಕೃಷ್ಣಪ್ಪನವರೇ, ಏನ್ರೀ ನಿಮ್ಮ ಕೈಚಳಕ! ಈ ಜ್ವರ ಎಲ್ಲಾ ನಿಮ್ಮ ಬೀಡಿ ಕಾರ್‌ಬಾರಂತೆ?"

"ಎಲ್ಲಾ ನಂದೇ ಸಾರ್. ಅನ್ನೊಂದೂ."

ಅವರು ಮೇಜು ಕುಟ್ಟಿ ನಕ್ಕರು. ನಾನೂ ನಕ್ಕೆ. ಕಾಗದ ಆಗಲೇ ಟೈಪಾಗಿತ್ತು. ನಾನು, ಕೃಷ್ಣಪ್ಪ, ತಮಾಷೆಗಾಗಿ ಸಹೋದ್ಯೋಗಿಗಳ ಬೀಡಿಯಲ್ಲಿ ಪಿಟಿಎಫ್‌ಇ ಚೂರು ಇಟ್ಟಿರುತ್ತೇನೆ, ಹನ್ನೊಂದು ಜ್ವರಗಳಿಗೂ ಇದೇ ಕಾರಣ, ಇದರಲ್ಲಿ ಯಂತ್ರದ ದೋಷವಿಲ್ಲ. "ನಿಮ್ಮ ಮೇಲೆ ಏನೂ ಕ್ರಮ ಇಲ್ಲ, ರಿಟೈರ್ ಆಗೋರು. ಸುಮ್ನೆ ಒಂದು ಸಹಿ." ಓದದೆ ಸಹಿ ಹಾಕಿದೆ ಅಂತ ಬರೆದರೆ ಇವತ್ತು ನನಗೆ ಅನುಕೂಲ. ಆದರೆ ಓದಿದೆ. ಎರಡು ಸಲ ಓದಿದೆ. ನನ್ನ ಹೆಸರು ಟೈಪಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಟೀ ಹೊತ್ತಿಗೆ ಎದ್ದು ನಿಂತು ಒಪ್ಪಿಕೊಳ್ಳುವ ಆ ಕಟ್ಟಳೆಯನ್ನೇ ದೊಡ್ಡ ಮೇಜಿನ ಮುಂದೆ ನಡೆಸುತ್ತಿದ್ದೇನೆ ಅನ್ನುವ ಹಮ್ಮು. ಸಹಿಯ ಕೆಳಗೆ ಒಂದು ಬಾಲ ಬೇರೆ ಎಳೆದೆ.

ಇನ್ಸ್‌ಪೆಕ್ಟರು ಬಂದರು, ಬಿಸ್ಕತ್ತು ತಿಂದರು, ನನ್ನ ಕಾಗದ ಓದಿದರು, ನನ್ನನ್ನು ಕರೆಸಿ ಬೆನ್ನು ತಟ್ಟಿ ಬುದ್ಧಿ ಹೇಳಿದರು. ಧೂಮಪಾನ ನಿಷೇಧದ ಫಲಕ ಹಾಕಿ ಅಂತ ಬರೆದುಕೊಟ್ಟು ಹೋದರು. ಫಲಕವನ್ನು ಗೂಡಿನ ಪಕ್ಕದ ಗೋಡೆಗೇ ಹೊಡೆದರು. ಏಣಿ ಯಾರೂ ಹಾಕಲಿಲ್ಲ.

ಮೇಡಂ ಅವತ್ತು ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದರು. "ನನ್ನ ಲೆಕ್ಕದಾಗ ಹತ್ತು ಗೂಡಿಂದು, ಒಂದು ನಿಮ್ದು. ನೀವು ಎಲ್ಲಾ ತುಗೊಂಡ್ರಿ. ಭಾಳ ದೊಡ್ಡ ಮನಸ್ಸು ನಿಮ್ದು."

ಸಂಕ್ರಾಂತಿಯ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಹೆಂಗಸರು ಎಳ್ಳುಬೆಲ್ಲದ ಮಾತಾಡುತ್ತಿದ್ದರು. ಲೇಥಿನ ಸದ್ದಿನ ನಡುವೆ ನನಗೆ ಆ ವಾಸನೆ ಬಂತು, ಬಾಯಲ್ಲಿ ತಾಮ್ರದ ಕಾಸು. ನಾನು ತಲೆ ಎತ್ತದೆಯೇ ಕೂಗಿದೆ. "ಸೆಲ್ವಾ, ಇದು ನಂದಲ್ಲ ಕಣ್ಲಾ!" ಜನ ನಕ್ಕರು. ತಿರುಗಿ ನೋಡಿದರೆ ಗೂಡಿನ ಬಾಗಿಲ ಸಂದಿಯಿಂದ ತೆಳ್ಳಗೆ ಬಿಳಿ ಹೊಗೆ. ಮೀಟರು ಮಾತ್ರ ತನ್ನ ಎಂದಿನ ಅಂಕಿ ತೋರಿಸುತ್ತಿತ್ತು.

ಸೆಲ್ವ ಮೊದಲು ಗೋಡೆ ಪಕ್ಕ ಕೂತಿದ್ದ ಯಶೋದಮ್ಮನ ರಟ್ಟೆ ಹಿಡಿದು ಆಚೆ ತಳ್ಳಿದ. "ಎಲ್ಲಾರೂ ಎದ್ದೇಳ್ರಿ, ಆಚಿಕ್ ಓಗ್ರಿ!" ಆಮೇಲೆ ಗೂಡಿನ ಹಿಂದೆ ಇದ್ದ ಮೇನ್ ಸ್ವಿಚ್ಚಿಗೆ ಹೋದ. ಅದು ಬಿಗಿದುಕೊಂಡಿತ್ತು. ಮೂಗಿಗೆ ಟವೆಲ್ ಹಿಡಿದು, ಒಂದು ಕೈಯಲ್ಲಿ ಎಳೆದು, ಕೆಮ್ಮಿ, ಮತ್ತೆ ಎಳೆದು, ಕೊನೆಗೆ ಆರಿಸಿಯೇ ಬಂದ. ನಾವೆಲ್ಲ ಗೇಟಿನ ಹತ್ತಿರ ನಿಂತಿದ್ದೆವು. ನಾನೂ ಅಲ್ಲೇ ನಿಂತಿದ್ದೆ.

ನಾಲ್ಕೈದು ಜನರಿಗೆ ಜ್ವರ ಬಂದು ಹೋಯಿತು. ಸೆಲ್ವನಿಗೆ ಮರುದಿನ ಉಸಿರೇ ಸಿಗಲಿಲ್ಲ. ಎದೆಯಲ್ಲಿ ನೀರು ತುಂಬಿದೆ ಅಂದರು ಡಾಕ್ಟರು. ಮೂರು ವಾರ ಆಸ್ಪತ್ರೆ. ಬದುಕಿ ಬಂದ. ಆದರೆ ಗಾಯವಾದ ಎದೆ ಕಲೆಗಟ್ಟಿತು. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ಸೈಕಲ್ಲು, ಆಮೇಲೆ ಮಲಗುವುದು. ಅವರಪ್ಪನ ಹಾಗೆ ಈಗ ಅವನೂ ಕೂತೇ ನಿದ್ದೆ ಮಾಡುತ್ತಾನೆ.

ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಳ್ಳಿ ಎಂದು ಅವನು ಅರ್ಜಿ ಹಾಕಿದ. ಉತ್ತರ ಬಂತು. ಈ ಘಟಕದಲ್ಲಿ ಜ್ವರಗಳಿಗೆ ಸಹೋದ್ಯೋಗಿಯ ಕುಚೇಷ್ಟೆ ಕಾರಣವೆಂದು ದಾಖಲೆಯಿದೆ, ಅರ್ಜಿದಾರರಿಗೆ ಧೂಮಪಾನದ ಅಭ್ಯಾಸವಿತ್ತು, ಯಂತ್ರದ ದೋಷ ಕಂಡುಬಂದಿಲ್ಲ. ಸೆಲ್ವ ಆ ಕಾಗದವನ್ನು ನನ್ನ ಕೈಗೆ ಕೊಟ್ಟ. "ಓದ್ಡಾ. ನಿನ್ ಎಸ್ರು ಬಂದೈತೆ" ಅಂದ, ಅಷ್ಟೇ. ಮೇಡಂ ಅಷ್ಟರಲ್ಲಿ ಕೆಲಸ ಬಿಟ್ಟು ಹೊಸೂರಿಗೆ ಹೋಗಿದ್ದರು. ಹೋಗುವ ಮುನ್ನ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯೊಂದನ್ನು ಯಶೋದಮ್ಮನ ಕೈಗೆ ಕೊಟ್ಟಿದ್ದರಂತೆ. ನನ್ನ ಕೈಗಲ್ಲ. ನಾನು ಹಾರ, ಶಾಲು ಹಾಕಿಸಿಕೊಂಡು ರಿಟೈರಾದೆ. ಬೀಳ್ಕೊಡುಗೆಯಲ್ಲಿ ಒಂದೂವರೆ ಗಂಟೆ ನಗಿಸಿದೆ.

ಈಗ ಆ ಕಾರ್ಖಾನೆಯಲ್ಲಿ ಹೊಸ ಗೂಡು, ಹೊಸ ಫ್ಯಾನು ಇದೆ. ಫ್ಲೋರಿನ್ ಮಾಲಿಗೆ ಹೊರದೇಶದಲ್ಲಿ ಕಾನೂನು ಬಿಗಿಯಾಗುತ್ತಿದೆಯಂತೆ, ಗಾಳಿಗೆ ಏನು ಬಿಟ್ಟಿರಿ, ನೀರಿಗೆ ಏನು ಬಿಟ್ಟಿರಿ ಅಂತ ಗಿರಾಕಿ ಪುಟಗಟ್ಟಲೆ ಕೇಳುತ್ತಾನಂತೆ. ಗಿರಾಕಿ ಕೇಳಿದರೆ ಬರುವ ಫ್ಯಾನು ಸೆಲ್ವ ಕೆಮ್ಮಿದರೆ ಬರಲಿಲ್ಲ.

ಮೂರು ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಭಾನುವಾರ ಕಾವಲಿ ಸುಟ್ಟಿತು. ಸೋಮವಾರ ಕ್ಯಾಸಂಬಳ್ಳಿ ಬಸ್ಸು ಹತ್ತಿದೆ. ಯಶೋದಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಕಿಟ್ಟಣ್ಣ, ನಾನು ಕದ್ದು ಬೀಡಿ ಸೇದೋದ ನೋಡೋಕ್ ಬಂದ್ಯಾ?"

"ತೆಪ್ಪಾತು ಕಣಕ್ಕ. ಆ ಜೆರಾಕ್ಸ್ ಕೊಡು."

"ಯಾತ್ಕೆ? ಅದ್ರಾಗೂ ತಮಾಸೆ ಮಾಡೋಕಾ?"

"ನಾನು ಬರ್ದಿದ್ದು ಸುಳ್ಳು ಅಂತ ಬರ್ಕೊಡೋಕೆ."

ಬಹಳ ಹೊತ್ತು ನನ್ನ ಮುಖ ನೋಡಿದಳು. ಎಲ್ಲಿ ನಗು ಬರುತ್ತದೋ ಅಂತ ಕಾದಳು ಅನ್ನಿಸುತ್ತದೆ. ಆಮೇಲೆ ಒಳಗೆ ಹೋಗಿ ರಾಗಿ ಡ್ರಮ್ಮಿನ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಹಾಳೆಗಳನ್ನು ತಂದಳು. "ನಂದೂ ಒಂದು ಎಬ್ಬೆಟ್ಟು ಒತ್ಕೋ. ಬೀಡಿ ಸೇದಲ್ಲ ಅಂತ ಬರಿ, ಮೊದ್ಲು ಅದ್ನೇ ಬರಿ" ಅಂದಳು. ಮೊದಲು ಅದನ್ನೇ ಬರೆದೆ.

ಮಂಗಳವಾರ, ಸೆಲ್ವನ ಅರ್ಜಿ ತಳ್ಳಿಹಾಕಿದ್ದ ಕೋಲಾರದ ಕಚೇರಿ. ಗುಮಾಸ್ತ ನನ್ನ ಹಳೇ ಕಾಗದ, ಹೊಸ ಕಾಗದ ಎರಡನ್ನೂ ಅಕ್ಕಪಕ್ಕ ಇಟ್ಟ.

"ಆಗ ಬರ್ದಿದ್ದು ಸುಳ್ಳಾ, ಈಗ ಬರ್ದಿರೋದು ಸುಳ್ಳಾ?"

"ಆಗಿಂದ್ರಾಗೆ ಒಂದು ನಿಜ ಸ್ವಾಮಿ. ಮಿಕ್ಕಿದ್ದೆಲ್ಲಾ ಜಂಬ."

"ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ನಿಮ್ಮ ಮೇಲೇ ಕೇಸಾಗ್ಬಹುದು, ಗೊತ್ತಾ?"

"ಆಕಿ ಸ್ವಾಮಿ. ಕೇಸ್ ಆಕುದ್ರೆ ನನ್ನ ನಂಬುದ್ರಿ ಅಂತಾನಾದ್ರೂ ಆಯ್ತದೆ."

ಅವನು ನಕ್ಕುಬಿಟ್ಟ. ಪಕ್ಕದ ಮೇಜಿನವನನ್ನೂ ಕರೆದು ಹೇಳಿ ನಗಿಸಿದ. ನನಗೆ ಮಾತ್ರ ನಗಿಸುವ ಉದ್ದೇಶವಿರಲಿಲ್ಲ. ಕಡೆಗೆ ನಕಲಿನ ಮೇಲೆ ಸೀಲು ಒತ್ತಿ ಕೊಟ್ಟ. ಮುಂದೇನಾಗುತ್ತದೋ ಗೊತ್ತಿಲ್ಲ.

ಸೀಲಿನ ಕಾಗದ ಹಿಡಿದು ನೇರ ಸೆಲ್ವನ ಮನೆಗೆ ಹೋದೆ. ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದ, ಮೂಗಿನಲ್ಲಿ ಕೊಳವೆ, ಪಕ್ಕದಲ್ಲಿ ಗುಂಯ್‌ಗುಡುವ ಆಮ್ಲಜನಕದ ಯಂತ್ರ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ನಾನು ಹಳೇ ಚಟಕ್ಕೆ ಆ ಗುಮಾಸ್ತನನ್ನು ಅಣಕಿಸಿ ತೋರಿಸಿದೆ, ಅವನು ಎರಡು ಕಾಗದದ ಮೇಲೂ ಕನ್ನಡಕ ಇಳಿಸಿ ಏರಿಸಿ ನೋಡಿದ್ದನ್ನು. ಸೆಲ್ವನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಅವನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಬೆನ್ನು ನೀವಿದಳು, ಯಂತ್ರ ಜಾಸ್ತಿ ಮಾಡಿದಳು. ಅವನು ಸುಧಾರಿಸಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣಾ, ಕಾಗ್ದ ಕೊಟ್ರಲ್ಲಾ, ಅಷ್ಟು ಸಾಕು. ಅವ್ರನ್ನ ನಗಿಸ್ಬೇಡಿ."

ಆಮೇಲೆ ದಿನಾ ಹೋಗುತ್ತಿದ್ದೇನೆ. ಅವನ ಎದುರಿನ ಸ್ಟೂಲಿನ ಮೇಲೆ ಕೈಕಟ್ಟಿ ಕೂರುತ್ತೇನೆ. "ಏನ್ಡಾ ಗೊಂಬೆ ತರ ಕುಂತಿದೀಯ, ಏನಾದ್ರೂ ಏಳು" ಅನ್ನುತ್ತಾನೆ, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು. ಬಾಯಿಯವರೆಗೆ ಬಂದದ್ದನ್ನು ನುಂಗಿ, ಇವತ್ತು ಮಾರ್ಕೆಟ್ಟಿನಲ್ಲಿ ಟೊಮೇಟೊ ರೇಟು ಎಷ್ಟಾಯಿತು ಅಂತ ಹೇಳುತ್ತೇನೆ.